ಅತ್ತೆ ಹುಡುಕಿದ್ದು

ಇನ್ನು ಮೇಲೆ ಚಂದ್ರನ ದೀಪ ಇಲ್ಲದ ಮನೆಯೇ ಇರುವುದಿಲ್ಲ ಎಂದು ಗಂಡ ಎದೆ ತಟ್ಟಿ ಹೇಳಿದ್ದ. ಅಂಗೈಯಲ್ಲಿ ಹಿಡಿಯುವಷ್ಟು ದುಂಡಗಿನ ಬಿಳಿ ದೀಪ, ತಳದಲ್ಲಿ ಒತ್ತಿದರೆ ಮಂಕಾಗಿ ಬೆಳಗುತ್ತಿತ್ತು. ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದವನಿಗೆ ಕಣ್ಣಿಗೆ ಚೆಂದ ಕಂಡದ್ದೆಲ್ಲ ಮಾರಿಹೋಗುತ್ತದೆ ಎಂಬ ಭ್ರಮೆ. ಎಲ್ಲರ ಜೇಬಿಗೂ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋಗೆ ಬೀಗ ಬಿದ್ದು, ಅದರ ಬಿಳಿ ಪರದೆ, ಎರಡು ದೊಡ್ಡ ಲೈಟು, ಗಿರಾಕಿಗಳು ಕೂರುತ್ತಿದ್ದ ತಿರುಗುವ ಸ್ಟೂಲು ಎಲ್ಲ ಮನೆಯ ಮುಂದಿನ ಕೋಣೆಗೆ ಬಂದಿದ್ದವು. ಕೈಯಲ್ಲಿ ಉಳಿದದ್ದನ್ನೆಲ್ಲ ಸುರಿದು, ಆನ್‌ಲೈನ್‌ನಲ್ಲಿ ಮಾರೋಣವೆಂದು ತಂದ ಚಂದ್ರರು ದೊಡ್ಡ ದೊಡ್ಡ ರಟ್ಟಿನ ಪೆಟ್ಟಿಗೆಗಳಲ್ಲಿ ಆ ಪರದೆಯ ಹಿಂದೆ ಬೀಡುಬಿಟ್ಟರು. ಒಂದು ತಿಂಗಳಲ್ಲಿ ಎರಡು ಹೋದವು. ಅದರಲ್ಲಿ ಒಂದು ವಾಪಸು ಬಂತು.

"ಇನ್ನೇನು ಬಿಡಿ, ನಮ್ಮನೇಲಿ ದಿನಾ ಹುಣ್ಣಿಮೆ," ಎಂದಳು ಸೊಸೆ.

"ಆಡ್ಕೊಳ್ಳೋದು ಸುಲಭ ಕಣೇ. ನೀನೊಂದು ಸಾಮಾನು ಆರಿಸಿ ತೋರಿಸು ನೋಡೋಣ."

ಆರಿಸುವುದೇ ಕಷ್ಟದ ಕೆಲಸ. ಸಾಮಾನು ಹಗುರವಾಗಿರಬೇಕು, ಒಡೆಯಬಾರದು, ದಿನಾ ಕೈಗೆ ಬೇಕಾಗಬೇಕು, ಅದಿಲ್ಲದಿದ್ದರೆ ಮನೆಯವರಿಗೆ ಕೈಕಾಲು ಆಡಬಾರದು. ಫೋನಿನ ವೀಡಿಯೋಗಳಲ್ಲಿ ಯಾರ್ಯಾರೋ ಹೇಳಿದ ಈ ಮಾತುಗಳೆಲ್ಲ ಗಂಡಹೆಂಡಿರಿಬ್ಬರಿಗೂ ಬಾಯಿಪಾಠವಾಗಿದ್ದವು. ಆದರೆ ಊರಿನ ಮನೆಮನೆಯಲ್ಲಿ ನಾಳೆ ಯಾವುದು ಕಾಣೆಯಾಗುತ್ತದೆ, ಯಾವುದಕ್ಕಾಗಿ ಜನ ಪರದಾಡುತ್ತಾರೆ ಎಂದು ಮೊದಲೇ ಹೇಳುವವರು ಯಾರು?

ಹೇಳುವವರು ಮನೆಯಲ್ಲೇ ಇದ್ದರು. ಅದು ಗೊತ್ತಾಗದೇ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅತ್ತೆ ಒಂದು ಕಾಲದಲ್ಲಿ ಅಂಗಿಗಳಿಗೆ ಕಾಜ ಹೊಲಿಯುತ್ತಿದ್ದವಳು. ಗುಂಡಿ ತೂರುವ ಆ ಸಣ್ಣ ಸಂದುಗಳನ್ನು ಹೊಲಿದೂ ಹೊಲಿದೂ ಕಣ್ಣು ಕಳೆದುಕೊಂಡಿದ್ದಳು. ಈಗ ಅವಳಿಗೆ ಬೆಳಕು ಯಾವುದು, ನೆರಳು ಯಾವುದು ಎನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ಆದರೂ ಅವಳಿಗೆ ಯಾವ ಕೊರತೆಯೂ ಇರಲಿಲ್ಲ, ಏಕೆಂದರೆ ಸೊಸೆ ಇದ್ದಳು. ಅತ್ತೆ ಕೈ ಚಾಚಿದರೆ ಸಾಕು, ನೀರಿನ ಲೋಟವೋ ಬಾಚಣಿಗೆಯೋ ಬಂದು ಅಂಗೈಯಲ್ಲಿ ಕೂರುತ್ತಿತ್ತು. "ನನಗೆ ಎರಡು ಕಣ್ಣು ಹೋಯ್ತು, ಇನ್ನೆರಡು ಕೈ ಬಂತು," ಎಂದು ಅತ್ತೆ ಮನೆಗೆ ಬಂದವರೆದುರೆಲ್ಲ ಹೇಳಿಕೊಳ್ಳುತ್ತಿದ್ದಳು. ಹೆತ್ತ ತಾಯಿಯ ಬಾಯಿಂದ ಒಂದು ಒಳ್ಳೆಯ ಮಾತು ಕೇಳದೆ ಬೆಳೆದ ಸೊಸೆಗೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಹೊಟ್ಟೆ ತುಂಬುತ್ತಿತ್ತು. ಈ ಲೋಕದಲ್ಲಿ ಅವಳು ಕಳೆದುಕೊಳ್ಳಲು ಹೆದರುತ್ತಿದ್ದದ್ದು ಏನಾದರೂ ಇದ್ದರೆ ಅದೇ.

ಮೊದಲು ಬಂದದ್ದು ಜರಡಿ. ಒಂದು ಮಧ್ಯಾಹ್ನ ಅತ್ತೆ ಅಡುಗೆಮನೆಯ ಗೋಡೆ ತಡವುತ್ತಿದ್ದಳು.

"ಚಹಾ ಸೋಸೋ ಜರಡಿ ಎಲ್ಲಮ್ಮಾ?"

ಸೊಸೆ ಮೊಳೆಯಿಂದ ತೆಗೆದು ಕೈಗಿಟ್ಟಳು. ಅತ್ತೆ ಸವರಿ ನೋಡಿ ತಲೆಯಾಡಿಸಿದಳು. "ಇದಲ್ಲ ಕಣೇ. ಉದ್ದ ಹಿಡಿ ಇರೋದು."

"ನಮ್ಮನೇಲಿ ಇರೋದು ಇದೊಂದೇ ಅತ್ತೆ."

ಮಾರನೇ ದಿನವೂ ಅದೇ ಹುಡುಕಾಟ. ಅದರ ಮಾರನೇ ದಿನವೂ. ಮುಂದಿನ ಕೋಣೆಯಲ್ಲಿ ಕೂತಿದ್ದ ಗಂಡ ತಮಾಷೆಗೆ, "ಅಮ್ಮ ಅಷ್ಟು ಆಸೆಪಟ್ಟು ಹುಡುಕ್ತಿದ್ದಾಳೆ, ಅದನ್ನೇ ಮಾರೋಕೆ ಹಾಕೋಣ," ಎಂದ. ಸಗಟು ಅಂಗಡಿಯ ಮೂಲೆಯಲ್ಲಿ ಉದ್ದ ಹಿಡಿಯ ಜರಡಿಗಳ ಒಂದು ರಾಶಿ ಧೂಳು ತಿನ್ನುತ್ತಾ ಬಿದ್ದಿತ್ತು. ಫೋಟೋ ಹಾಕಿದ್ದೇ ತಡ, ಆ ರಾಶಿಯೆಲ್ಲ ಖಾಲಿಯಾಯಿತು. ಸಗಟು ಅಂಗಡಿಯವನು ಮೂಗಿನ ಮೇಲೆ ಬೆರಳಿಟ್ಟುಕೊಂಡ.

ಆಮೇಲೆ ಉಗುರು ಕತ್ತರಿ. ಆಮೇಲೆ ಒಡೆದ ಪೊಟ್ಟಣದ ಬಾಯಿಗೆ ಹಾಕುವ ಕ್ಲಿಪ್ಪು. ಅತ್ತೆ ಹುಡುಕಿದ್ದು, ಗಂಡ ತಂದದ್ದು, ಊರು ಕೊಂಡದ್ದು. ಮೊಟ್ಟೆ ಮತ್ತೆ ತಟ್ಟೆಗೆ ಬಂತು. ಎರಡನೇ ಕ್ಲಾಸಿನ ಮಗಳಿಗೆ ಹೊಸ ಶೂ ಬಂತು. ಹುಟ್ಟಿದಾಗಿನಿಂದ ಮೈ ಹಿಡಿಯದ ಆ ಹುಡುಗಿಯನ್ನು ಮನೆಯಲ್ಲಿ ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. "ಅಜ್ಜಿ ಅಜ್ಜಿ, ಐಸ್‌ಕ್ರೀಮ್ ಹುಡುಕು," ಎಂದು ಕಡ್ಡಿ ಅತ್ತೆಯ ಸೆರಗು ಜಗ್ಗುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಅತ್ತೆಯೂ ನಗುತ್ತಿದ್ದಳು. ಅದು ಆ ಮನೆಯ ಒಳ್ಳೆಯ ಕಾಲ. ಬಹಳ ದಿನ ಇರಲಿಲ್ಲ.

ಒಂದು ದಿನ ಅತ್ತೆ ನೆಲದ ಮೇಲೆ ಕೂತು ಬಾಗಿಲ ಬುಡವನ್ನು ತಡವುತ್ತಿದ್ದಳು.

"ಇಲ್ಲಿ ಸಿಕ್ಕಿಸ್ತಿದ್ದ ರಬ್ಬರು ಎಲ್ಲಿ?"

"ಅಂಥಾದ್ದು ಯಾವತ್ತೂ ಇರ್ಲಿಲ್ವಲ್ಲ ಅತ್ತೆ."

"ಇಲ್ದಿದ್ರೆ ಬಾಗಿಲು ಹೊಡ್ಕೊಳ್ಳುತ್ತೆ ಕಣಮ್ಮ."

ಹೊರಗೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಗಂಡ ಮರುಮಾತಾಡದೆ ಎದ್ದು ಹೋಗಿ ಬಾಗಿಲಿಗೆ ಆನಿಸುವ ರಬ್ಬರಿನ ಬಿಲ್ಲೆಗಳನ್ನು ಮೂಟೆಗಟ್ಟಲೆ ತಂದ. ಫೋಟೋ ಹಾಕಿದ ವಾರದಲ್ಲೇ ಗಾಳಿ ಎದ್ದಿತು. ಹಗಲೆಲ್ಲ ಬೀದಿಯುದ್ದಕ್ಕೂ ಮನೆಮನೆಯ ಬಾಗಿಲು ದಢಾರ್ ದಢಾರ್ ಎಂದು ಹೊಡೆದುಕೊಳ್ಳುತ್ತಿತ್ತು. ಪಾರ್ಸೆಲ್ ಒಯ್ಯುವವನು ದಿನಕ್ಕೆ ಎರಡೆರಡು ಸಲ ಬಂದರೂ ಮುಗಿಯಲಿಲ್ಲ. ಪೆಟ್ಟಿಗೆಗೆ ಟೇಪು ಅಂಟಿಸುತ್ತಿದ್ದ ಸೊಸೆಯ ಕೈ ಒಮ್ಮೆ ನಿಂತಿತು.

"ರೀ, ಗಾಳಿ ಆಮೇಲೆ ಬಂತು."

"ಏನು?"

"ಅತ್ತೆ ಹುಡುಕಿದಾಗ ಗಾಳಿ ಇರ್ಲಿಲ್ಲ. ಆಮೇಲೆ ಬಂತು."

"ಬಂತಲ್ಲ, ಅಷ್ಟು ಸಾಕು ಬಿಡು," ಎಂದ ಗಂಡ. ಆದರೆ ಅವನು ತಲೆಯೆತ್ತಿ ಅವಳ ಮುಖ ನೋಡಲಿಲ್ಲ.

ಗಾಳಿ ಇಳಿಯಿತು. ಅತ್ತೆಯ ಹುಡುಕಾಟವೂ ನಿಂತಿತು. ಅವಳು ಕಿಟಕಿಯ ಬಳಿ ಕೂತು, ಬೇಕಾದಾಗ ಕೈ ಚಾಚಿ, ಬೇಕಾದ್ದು ಪಡೆದು, ಹಾಯಾಗಿದ್ದಳು. ಸಗಟು ಅಂಗಡಿಯವನು ಫೋನು ಮಾಡಿ, "ಮುಂದೇನು ಸ್ವಾಮಿ?" ಎಂದು ಕೇಳಿದರೆ ಗಂಡ ನಾಳೆ ಹೇಳುತ್ತೇನೆ ಎಂದು ಜಾರಿಕೊಳ್ಳುತ್ತಿದ್ದ. ಸ್ವಂತ ಬುದ್ಧಿಯಿಂದ ಬಣ್ಣದ ನೀರಿನ ಬಾಟಲಿ ಆರಿಸಿದ. ಅವೂ ಹೋಗಿ ಚಂದ್ರರ ಪಕ್ಕದಲ್ಲಿ ಕೂತವು. ಮೊಟ್ಟೆ ಮತ್ತೆ ತಟ್ಟೆಯಿಂದ ಇಳಿಯಿತು.

"ಅಮ್ಮ ಏನೂ ಹುಡುಕ್ತಾನೇ ಇಲ್ಲ," ಎಂದ ಅವನು ಒಂದು ದಿನ ಊಟಕ್ಕೆ ಕೂತಾಗ, ಪಿಸುಮಾತಿನಲ್ಲಿ.

"ಅವರಿಗೆ ಏನೂ ಬೇಕಾಗಿಲ್ಲ, ಅದಕ್ಕೆ."

"ಅದಕ್ಕಲ್ಲ. ಹುಡುಕೋಕೆ ನೀನೆಲ್ಲಿ ಬಿಡ್ತೀಯ? ಬಾಯಿ ತೆಗೆಯೋದ್ರೊಳಗೆ ಕೈಗಿಟ್ಟುಬಿಡ್ತೀಯ."

"ಇಡದೆ? ಕಣ್ಣು ಕಾಣದೋರಿಗೆ ಆಟ ಆಡಿಸ್ಲಾ?"

"ಆಟ ಅಂತ ಯಾರಂದ್ರು? ಸ್ವಲ್ಪ ದಿನ ಕೊಡಬೇಡ. ಹುಡುಕಲಿ. ಅವಳ ಕೈಗೂ ಒಂದು ಕೆಲಸ."

ಕೊಡಬೇಡ ಎಂದದ್ದು ಗಂಡ. ಇರುವುದನ್ನೂ ಎತ್ತಿಡೋಣ ಎಂದು ಹೊಳೆದದ್ದು ಮಾತ್ರ ಸೊಸೆಗೆ. ಪಾಪದ ಪಾಲು ಹಂಚುವಾಗ ಇದನ್ನು ಮರೆಯಬಾರದು. ಅವಳು ಮೊದಲು ಎತ್ತಿಟ್ಟದ್ದು ಅತ್ತೆಯ ಹಲ್ಲಿನ ಸೆಟ್ಟು ಇಡುವ ಡಬ್ಬಿ. ಅತ್ತೆ ಹಲ್ಲನ್ನು ಅಂಗೈಯಲ್ಲಿ ಹಿಡಿದುಕೊಂಡೇ ಇಡೀ ಮಧ್ಯಾಹ್ನ ಡಬ್ಬಿಗಾಗಿ ತಡಕಾಡಿದಳು. ಸೊಸೆ ಅಲ್ಲೇ ನಿಂತು ನೋಡುತ್ತಿದ್ದಳು.

ಡಬ್ಬಿಗಳು ಬಿಸಿ ದೋಸೆಯಂತೆ ಖರ್ಚಾದವು. "ಈ ಊರಲ್ಲಿ ಇಷ್ಟೊಂದು ಬೊಚ್ಚುಬಾಯಿ ಇವೆ ಅಂತ ಗೊತ್ತೇ ಇರ್ಲಿಲ್ಲ ಕಣೇ!" ಎಂದು ಗಂಡ ಬಿದ್ದು ಬಿದ್ದು ನಕ್ಕ. ಸೊಸೆಗೂ ನಗು ಬಂತು. ಆ ನಗುವಿನಲ್ಲೇ ಬಾಚಣಿಗೆ ಹೋಯಿತು, ಬೆನ್ನು ಕೆರೆಯುವ ಕೋಲು ಹೋಯಿತು, ಸೋಪಿನ ತಟ್ಟೆ, ನೀರಿನ ಜಗ್ಗಿನ ಮುಚ್ಚಳ ಹೋದವು. ಎಲ್ಲವೂ ಪಾರ್ಸೆಲ್ ಕಟ್ಟುವ ಮೇಜಿನ ಕೆಳಗಿನ ಒಂದು ಪೆಟ್ಟಿಗೆ ಸೇರಿದವು.

ಕಡ್ಡಿಗೆ ಇದು ಅರ್ಥವಾಗಲಿಲ್ಲ. ಒಂದು ದಿನ ಮೇಜಿನ ಕೆಳಗೆ ನುಸುಳಿ ಬಾಚಣಿಗೆ ತೆಗೆದು ಅಜ್ಜಿಯ ಕೈಗೆ ಕೊಟ್ಟುಬಿಟ್ಟಳು. ಸೊಸೆ ಅದನ್ನು ಕಂಡು ಮಗುವನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕಿವಿ ಹಿಂಡಿದಳು.

"ಯಾಕೆ ಕೊಟ್ಟೆ?"

"ಅಜ್ಜಿ ಕೇಳಿದ್ಲು."

"ಕೇಳಿದ್ರೆ ಕೊಡ್ತಾರಾ? ಅಜ್ಜಿ ಹುಡುಕೋದು ಅಜ್ಜಿಗೆ ಸಿಗಬಾರದು. ಸಿಕ್ಕಿಬಿಟ್ರೆ ನಮಗೆ ಊಟ ಇಲ್ಲ, ತಿಳೀತಾ?"

ಮಗು ಕಣ್ಣರಳಿಸಿ ತಲೆಯಾಡಿಸಿತು.

ಭಾನುವಾರ ನಾದಿನಿ ಬಂದಳು. ಗಂಡನ ಅಕ್ಕ, ದೊಡ್ಡಾಸ್ಪತ್ರೆಯ ನರ್ಸು, ಅಲ್ಲಿಯ ಹಾಸ್ಟೆಲಿನಲ್ಲೇ ವಾಸ. ಮೊದಲ ತುತ್ತು ಬಾಯಿಗಿಡುವ ಮೊದಲೇ ಅವಳ ಕಣ್ಣು ತಾಯಿಯ ತಲೆಯ ಮೇಲೆ ಬಿತ್ತು.

"ಅಮ್ಮನ ಕೂದಲು ಯಾಕೆ ಹೀಗೆ ಗಂಟುಗಟ್ಟಿದೆ?"

"ಬಾಚಣಿಗೆ ಎಲ್ಲೋ ಬಿದ್ದೋಗಿದೆ ಅಕ್ಕ," ಎಂದಳು ಸೊಸೆ.

"ಬಾಚಣಿಗೆ ಮಾರೋರ ಮನೇಲಿ ಬಾಚಣಿಗೆ ಇಲ್ವಾ? ಅಮ್ಮ, ಕೈ ತೋರ್ಸು." ನಾದಿನಿ ತಾಯಿಯ ಬೆರಳುಗಳನ್ನು ಬೆಳಕಿಗೆ ಹಿಡಿದಳು. ತುದಿಗಳೆಲ್ಲ ಗೋಡೆಗೆ ಉಜ್ಜಿ ಉಜ್ಜಿ ಸುಲಿದಿದ್ದವು. "ಏನೋ ಇದು? ಏನು ಮಾಡಿಸ್ತಿದ್ದೀರೋ ಇವಳ ಕೈಲಿ?"

"ಯಾರೂ ಏನೂ ಮಾಡಿಸ್ತಿಲ್ಲ," ಎಂದ ತಮ್ಮ, ತಟ್ಟೆ ನೋಡುತ್ತಾ. "ವಯಸ್ಸಾಯ್ತು. ಏನೇನೋ ಹುಡುಕ್ತಾಳೆ."

"ಹುಡುಕಿದ್ರೆ ಕೊಡೋಕಾಗಲ್ವಾ?"

"ಅಷ್ಟು ಕಾಳಜಿ ಇದ್ರೆ ಕರ್ಕೊಂಡು ಹೋಗು. ನಿನ್ನ ಹಾಸ್ಟೆಲಲ್ಲಿ ಇಟ್ಕೋ."

ನಾದಿನಿ ತಾಯಿಯ ಕೈ ಬಿಟ್ಟಳು. ಅತ್ತೆ ಮಾತ್ರ ತಣ್ಣಗೆ ಅನ್ನ ಕಲಸುತ್ತಾ, "ಜಗಳ ಆಡಬೇಡ್ರೋ. ಅವಳು ಬಂದು ಎಲ್ಲಾ ಕೊಡ್ತಾಳೆ," ಎಂದಳು. ಅವಳು ಎಂದರೆ ಯಾರು ಎಂದು ಯಾರೂ ಕೇಳಲಿಲ್ಲ. ನಾದಿನಿ ಹೋಗುವಾಗ ತನ್ನ ಕೈಚೀಲದ ಬಾಚಣಿಗೆಯನ್ನೇ ತೆಗೆದು ತಾಯಿಯ ತಲೆದಿಂಬಿನ ಕೆಳಗಿಟ್ಟು ಹೋದಳು. ಅವಳು ಬೀದಿಯ ತಿರುವು ದಾಟುವವರೆಗೆ ಕಾದು, ಸೊಸೆ ಅದನ್ನೂ ಎತ್ತಿ ಪೆಟ್ಟಿಗೆಗೆ ಹಾಕಿದಳು. ಹಾಕಿದ ಮೇಲೆ ಸ್ವಲ್ಪ ಹೊತ್ತು ಮೇಜಿನ ಬಳಿಯೇ ನಿಂತಿದ್ದಳು. ತೆಗೆದು ಕೊಡಬೇಕೆನಿಸಿತು. ಕೊಡಲಿಲ್ಲ.

ಅಲ್ಲಿಂದ ಮುಂದೆ ಅತ್ತೆಯ ನಡೆ ಬದಲಾಯಿತು. ಅವಳು ಏನು ಬೇಕೆಂದು ಹೇಳುವುದನ್ನೇ ಬಿಟ್ಟಳು. ಊಟ ಮುಗಿಸಿ, ಎಲ್ಲರೂ ಕೆಲಸಕ್ಕೆ ಕೂತ ಮೇಲೆ, ಸದ್ದಿಲ್ಲದೆ ಎದ್ದು ಕೋಣೆಯಿಂದ ಕೋಣೆಗೆ ಹೋಗುತ್ತಿದ್ದಳು. ಕೈ ಈಗ ಗೂಡು, ಮೊಳೆ, ನೆಲ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಭುಜದೆತ್ತರದಲ್ಲಿ ಗಾಳಿಯನ್ನು ಸವರುತ್ತಿತ್ತು. ಫೋಟೋಗೆಂದು ಲೈಟು ಹಾಕಿದಾಗ ಬಿಳಿ ಪರದೆಯ ಮೇಲೆ ಆ ಎರಡು ಕೈಗಳ ನೆರಳು ಮೆಲ್ಲಗೆ ಹಾದುಹೋಗುತ್ತಿತ್ತು. ಗಂಡ ಕ್ಯಾಮೆರಾ ಇಳಿಸಿ ಕಾಯುತ್ತಿದ್ದ.

"ಏನು ಬೇಕಮ್ಮ? ಹೇಳಿಬಿಡು," ಎಂದು ಅವನು ಗೋಗರೆಯುತ್ತಿದ್ದ. ಸಗಟು ಅಂಗಡಿಯವನ ಫೋನು ಬರುತ್ತಲೇ ಇತ್ತು. "ಬಾಯಿ ಬಿಟ್ಟು ಹೇಳಿದ್ರೆ ತಾನೇ ಗೊತ್ತಾಗೋದು?"

ಅತ್ತೆ ಹೇಳಲಿಲ್ಲ. ಒಂದು ಬೆಳಿಗ್ಗೆ ಮಾತ್ರ, ಎಲ್ಲರೂ ಬ್ರೆಡ್ಡು ತಿನ್ನುತ್ತಾ ಕೂತಿದ್ದಾಗ, ಲೋಟ ಕೆಳಗಿಟ್ಟು ಕೇಳಿದಳು.

"ಮಗು ಎಲ್ಲಿ?"

ಕಡ್ಡಿ ಅವಳ ಪಕ್ಕದಲ್ಲೇ, ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದಳು. ಬಾಯಿ ತುಂಬ ಬ್ರೆಡ್ಡು. ಉತ್ತರ ಕೊಡದೆ ಅಮ್ಮನ ಮುಖ ನೋಡಿದಳು.

"ಇಲ್ಲೇ ಇದ್ದಾಳಲ್ಲಮ್ಮ," ಎಂದು ಗಂಡ ನಕ್ಕ. ನಗು ಅರ್ಧಕ್ಕೇ ನಿಂತಿತು.

"ಎಲ್ಲಿ? ಕೈಗೆ ಸಿಗ್ತಿಲ್ಲ."

ಸೊಸೆ ಮಗುವನ್ನು ತನ್ನ ಕಡೆಗೆ ಎಳೆದುಕೊಂಡಳು. ಅತ್ತೆ ಹುಡುಕಿದ್ದನ್ನು ಊರೆಲ್ಲ ಹುಡುಕುತ್ತದೆ. ಜರಡಿ ಹುಡುಕಿದಳು, ಊರು ಜರಡಿ ಹುಡುಕಿತು. ಬಾಗಿಲ ರಬ್ಬರು ಹುಡುಕಿದಳು, ಗಾಳಿ ಬಂತು. ಈಗ ಮಗು. ಸೊಸೆ ಅವತ್ತು ಕಡ್ಡಿಯನ್ನು ಶಾಲೆಗೆ ಕಳಿಸಲಿಲ್ಲ. ಹೊರಬಾಗಿಲಿಗೆ ಚಿಲಕ ಹಾಕಿದಳು, ನೀರಿನ ತೊಟ್ಟಿಯ ಮುಚ್ಚಳದ ಮೇಲೆ ಕಲ್ಲು ಹೇರಿದಳು, ಚಾಕುಗಳನ್ನೆಲ್ಲ ಮೇಲಿನ ಗೂಡಿಗೆ ಹಾಕಿದಳು. ಮಗು ಮಾತ್ರ ಎಂದಿಲ್ಲದ ಗಂಭೀರ ಮುಖ ಮಾಡಿಕೊಂಡು ಓಡಾಡುತ್ತಿತ್ತು.

ಮಧ್ಯಾಹ್ನ ಪಾರ್ಸೆಲ್ ಒಯ್ಯುವವನು ಬಂದ. ಬಾಗಿಲು ತೆರೆದು, ಪೆಟ್ಟಿಗೆಗಳನ್ನು ಅವನ ಕೈಗೆ ದಾಟಿಸಿ, ಚಿಲಕ ಹಾಕಿ ತಿರುಗಿದರೆ ಕಡ್ಡಿ ಇಲ್ಲ.

ಅಡುಗೆಮನೆಯಲ್ಲಿಲ್ಲ. ಬಚ್ಚಲಲ್ಲಿಲ್ಲ. ಮಂಚದ ಕೆಳಗಿಲ್ಲ.

"ಕಡ್ಡೀ! ಏ ಕಡ್ಡೀ!"

ಗಂಡ ಒಂದೇ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಬೀದಿಗೆ ಓಡಿದ. ಮೂಲೆಯ ಇಸ್ತ್ರಿಯವನು ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ಅವನ ಜೊತೆ ಹೊರಟ. ಎದುರು ಮನೆಯವರು, ಪಕ್ಕದ ಮನೆಯವರು ಒಬ್ಬೊಬ್ಬರಾಗಿ ಹೊರಬಂದರು. ನೋಡನೋಡುತ್ತಿದ್ದಂತೆ ಇಡೀ ಬೀದಿಯೇ ಮಗುವನ್ನು ಹುಡುಕತೊಡಗಿತು. ತೊಟ್ಟಿಯ ಮೇಲಿನ ಕಲ್ಲು ಸರಿಸಿ ಇಣುಕುತ್ತಿದ್ದ ಸೊಸೆಗೆ ಆ ಕೂಗುಗಳೆಲ್ಲ ಕೇಳಿಸಿದವು. ಇದೇ ಅದು ಎಂದುಕೊಂಡಳು. ಊರು ಹುಡುಕುತ್ತಿದೆ.

ತೊಟ್ಟಿಯೊಳಗೆ ಬರೀ ನೀರಿತ್ತು. ಅವಳು ಮನೆಯೊಳಗೆ ಬಂದಳು. ಮುಂದಿನ ಕೋಣೆಯ ಕಿಟಕಿಗಳಿಗೆಲ್ಲ ಫೋಟೋ ತೆಗೆಯಲೆಂದು ಕಪ್ಪು ಬಟ್ಟೆ ಇಳಿಬಿಟ್ಟಿತ್ತು. ಆ ಅರೆಗತ್ತಲಲ್ಲಿ ಅತ್ತೆ ಒಬ್ಬಳೇ ಬಿಳಿ ಪರದೆಯ ಮುಂದೆ ನಿಂತು, ಗಾಳಿಯಲ್ಲಿ ಕೈ ಆಡಿಸುತ್ತಿದ್ದಳು. ಅವಳ ಹಿಂದೆ, ಪರದೆಯ ಆಚೆ, ನೆಲಮಟ್ಟದಲ್ಲಿ ಮಂಕು ಬೆಳಕೊಂದು ಹೊತ್ತಿಕೊಂಡಿತ್ತು.

ಸೊಸೆ ಪರದೆ ಸರಿಸಿದಳು. ಚಂದ್ರರಿದ್ದ ಒಂದು ದೊಡ್ಡ ಪೆಟ್ಟಿಗೆಯ ಸಂದಿನಿಂದ ಬೆಳಕು ಸೋರುತ್ತಿತ್ತು. ಮುಚ್ಚಳ ತೆಗೆದರೆ ಒಳಗೆ, ಮಂಡಿಗಳನ್ನು ಗಲ್ಲಕ್ಕೆ ಒತ್ತಿಕೊಂಡು, ತೊಡೆಯ ಮೇಲೆ ಒಂದು ಚಂದ್ರನನ್ನಿಟ್ಟುಕೊಂಡು ಕಡ್ಡಿ ಕೂತಿದ್ದಳು. ಮೈಯೆಲ್ಲ ಬೆವರಿ ಕೂದಲು ಹಣೆಗೆ ಅಂಟಿತ್ತು. ಅಮ್ಮನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟಳು.

"ಶ್! ಅಜ್ಜಿ ನನ್ನನ್ನ ಹುಡುಕ್ತಿದ್ದಾಳೆ."

ಸೊಸೆ ಮುಚ್ಚಳ ಹಿಡಿದುಕೊಂಡೇ ನಿಂತಳು.

"ಮುಚ್ಚಮ್ಮ ಬೇಗ," ಎಂದಿತು ಮಗು. "ನಾನು ಸಿಕ್ಕಿಬಿಟ್ರೆ ನಮಗೆ ಊಟ ಇರಲ್ಲ ಅಲ್ವಾ?"

ಸೊಸೆ ಮಗುವನ್ನು ಬಾಚಿ ಎತ್ತಿಕೊಂಡಳು. ಅಳು ಬಂದಿತ್ತು, ಆದರೆ ಅಳುವುದಕ್ಕೂ ಮುಖವಿಲ್ಲ ಎನಿಸಿತು. ನೇರವಾಗಿ ಹೋಗಿ ಅತ್ತೆಯ ಗಾಳಿಯಲ್ಲಿದ್ದ ಕೈಗೆ ಮಗುವಿನ ಮುಖವನ್ನೇ ಒಡ್ಡಿದಳು.

"ತಗೊಳ್ಳಿ ಅತ್ತೆ. ಕಡ್ಡಿ."

ಅತ್ತೆ ಹಣೆ ಮುಟ್ಟಿದಳು, ಮೂಗು ಮುಟ್ಟಿದಳು, ಬಾಯೊಳಗೆ ಬಿದ್ದ ಹಲ್ಲಿನ ಸಂದನ್ನು ಬೆರಳಲ್ಲಿ ತಡವಿದಳು. ಮುಖ ಅರಳಿತು. "ಹಾಂ, ಇವಳೇ. ಸಿಕ್ಕಿದ್ಲು." ಮಗುವನ್ನು ಮೈಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತಳು. "ಇನ್ನು ನಿಮ್ಮಮ್ಮ ಎಲ್ಲೇ ಮಗಾ? ಅವಳನ್ನೇ ನಾನು ಇಷ್ಟು ದಿನ ಹುಡುಕ್ತಿರೋದು. ನಿನ್ನನ್ನ ಕೇಳಿದ್ರೆ ಗೊತ್ತಾಗುತ್ತೆ ಅಂತ ನಿನ್ನನ್ನೂ ಹುಡುಕ್ದೆ."

"ಇಲ್ಲೇ ಇದೀನಿ ಅತ್ತೆ," ಎಂದು ಸೊಸೆ ಮುಂದೆ ಕುಸಿದು ಕೂತು ಕೈ ಕೊಟ್ಟಳು.

ಅತ್ತೆ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಸವರಿದಳು. ಟೇಪಿನ ಅಂಟು ಕೂತು ಗಡುಸಾದ ಬೆರಳುಗಳು, ರಟ್ಟು ಕೊಯ್ದ ಗಾಯದ ಗೆರೆಗಳು. ಬೆರಳು ಬೆರಳೂ ನೋಡಿ, ಬೇಸರಿಸದೆ, ಮರ್ಯಾದೆಯಿಂದ ಹಿಂದಿರುಗಿಸಿದಳು.

"ಇಲ್ಲ ತಾಯಿ, ನೀವಲ್ಲ. ನನ್ನ ಸೊಸೆ ಕೇಳಿದ್ದು ಕೊಡೋಳು. ಅವಳು ಈ ಮನೆಯಿಂದ ಹೋಗಿ ಬಹಳ ದಿನ ಆಯ್ತು."

ಅತ್ತೆ ಅವಳನ್ನು ಎಂದೂ ನೀವು ಎಂದವಳಲ್ಲ. ಸೊಸೆ ಎದ್ದು ಮೇಜಿನ ಕೆಳಗಿನ ಪೆಟ್ಟಿಗೆಯನ್ನು ಎಳೆದು ತಂದಳು. ಡಬ್ಬಿ, ಕೋಲು, ಸೋಪಿನ ತಟ್ಟೆ, ಜಗ್ಗಿನ ಮುಚ್ಚಳ, ಎರಡು ಬಾಚಣಿಗೆ, ಒಂದೊಂದನ್ನೇ ತೆಗೆದು ಅತ್ತೆಯ ಅಂಗೈಗೆ ಇಡುತ್ತಾ ಹೋದಳು. ಅತ್ತೆ ಪ್ರತಿಯೊಂದನ್ನೂ ಗುರುತು ಹಿಡಿದು ಮಡಿಲಿಗೆ ಹಾಕಿಕೊಂಡಳು. ಪ್ರತಿ ಸಲವೂ, "ನಿಮಗೆ ಒಳ್ಳೇದಾಗ್ಲಿ," ಎಂದಳು. ಸಾಮಾನು ತಂದುಕೊಟ್ಟ ಅಪರಿಚಿತರಿಗೆ ಹೇಳುವಂತೆ.

ಬಾಗಿಲು ದಢಾರನೆ ತೆರೆದು ಗಂಡ ಏದುಸಿರು ಬಿಡುತ್ತಾ ಒಳಗೆ ಬಂದ. ಅತ್ತೆ ತಟ್ಟನೆ ಆ ಕಡೆ ತಿರುಗಿದಳು.

"ಬಂದ್ಲಾ?"

"ನಾನಮ್ಮ," ಎಂದ ಅವನು. ಮಗುವನ್ನು ನೋಡಿದ, ಖಾಲಿ ಪೆಟ್ಟಿಗೆ ನೋಡಿದ, ಹೆಂಡತಿಯ ಮುಖ ನೋಡಿದ. ಅವನ ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ತೆಗೆಯಲಿಲ್ಲ. ಗೋಡೆಗೆ ಆತು ನೆಲದ ಮೇಲೆ ಕೂತುಬಿಟ್ಟ.

ಅತ್ತೆ ಬಾಚಣಿಗೆ ತೆಗೆದುಕೊಂಡು ಗಂಟುಗಳನ್ನು ಬಿಡಿಸತೊಡಗಿದಳು. "ತಲೆ ಕೆದರಿಕೊಂಡಿದ್ರೆ ಬೈತಾಳೆ ಅವಳು," ಎಂದು ಮಗುವಿಗೆ ಹೇಳಿದಳು. "ಎಲ್ಲಾ ಸಿಕ್ತಲ್ಲ. ಇನ್ನು ಅವಳೂ ಬರ್ತಾಳೆ." ಬಾಚಿ ಮುಗಿಸಿ, ಸೆರಗು ಸರಿಮಾಡಿಕೊಂಡು, ಬಾಗಿಲ ಕಡೆಗೆ ಮುಖ ಮಾಡಿ ಕೂತಳು. ಸೊಸೆ ಅವಳ ಪಕ್ಕದಲ್ಲೇ, ಮೊಣಕೈ ತಾಗುವಷ್ಟು ಹತ್ತಿರ ಕೂತಳು. ಬೀದಿಯ ಗಲಾಟೆ ಅಡಗಿ ಜನ ಅವರವರ ಮನೆಗೆ ಹೋದರು. ಆಮೇಲೆ ಹೊರಗೆ ಯಾರದೋ ಹೆಜ್ಜೆಯ ಸದ್ದಾದಾಗ, ಅತ್ತೆಯ ಜೊತೆಗೆ ಸೊಸೆಯೂ ತಲೆಯೆತ್ತಿ ಬಾಗಿಲು ನೋಡಿದಳು.